ಪಾರ್ಕಿನ್ಸನ್ ಇದ್ದವರ ನೋಟ ಮತ್ತು ಕಣ್ಣಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಕಿನ್ಸನ್ ಇರುವವರೂ ಅವರನ್ನು ನೋಡಿಕೊಳ್ಳುವವರೂ ಮಾತಿಗೆ ಕೂತಾಗ, ಪತ್ರ ಬರೆದಾಗ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಔಷಧಿಯ ವಿಷಯದಲ್ಲಿ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಇಲ್ಲಿ ಓದಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಓದಿದ್ದನ್ನು ನಿಮ್ಮ ನರತಜ್ಞರ ಮುಂದಿಡಿ.

## ಮೊದಲು ಕೇಳುವ ಪ್ರಶ್ನೆಗಳು

ಪಾರ್ಕಿನ್ಸನ್ ಅಂದ್ರೆ ಕೈ ನಡುಗೋದು ಅಲ್ವಾ? ಅದಕ್ಕೂ ಕಣ್ಣಿಗೂ ಏನು ಸಂಬಂಧ?

1817ರಲ್ಲಿ ಇಂಗ್ಲಿಷ್ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದು ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೆ. ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲ ಎಂದೇ ಆತ ಬರೆದ. ಆ ಮಾತು ಬಹುಕಾಲ ಹಾಗೇ ಉಳಿಯಿತು. ನಡುಕ, ಬಿಗಿತ, ನಿಧಾನಗತಿ ಇವೇ ಕಾಯಿಲೆ ಎಂದು ಎಲ್ಲರೂ ತಿಳಿದರು.

ಆದರೆ ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಡಿಮೆಯಾಗುವ ಡೋಪಮಿನ್ ಎಂಬ ರಾಸಾಯನಿಕ ಕಣ್ಣಿನೊಳಗೂ ಇದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಲ್ಲಿ ಅಮಾಕ್ರಿನ್ ಎಂಬ ಕೋಶಗಳಲ್ಲಿ ಕೆಲವು ಡೋಪಮಿನ್ ತಯಾರಿಸುತ್ತವೆ. ಬೆಳಕು ಹೆಚ್ಚು ಕಡಿಮೆಯಾದಾಗ ಕಣ್ಣು ಹೊಂದಿಕೊಳ್ಳಲು, ಒಂದು ಬಣ್ಣದ ಪಕ್ಕದಲ್ಲಿರುವ ಅದರಂಥದೇ ಇನ್ನೊಂದು ಬಣ್ಣವನ್ನು ಬೇರ್ಪಡಿಸಿ ನೋಡಲು ಅದು ಬೇಕು. ಇದಲ್ಲದೆ ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಿಗೆ ಆಜ್ಞೆ ಹೋಗುವ ದಾರಿಯೂ, ಕಂಡದ್ದನ್ನು ‘ಎಲ್ಲಿದೆ, ಎಷ್ಟು ದೂರ, ಯಾವ ಕೋನ’ ಎಂದು ಲೆಕ್ಕ ಹಾಕುವ ಮಿದುಳಿನ ಹಿಂಭಾಗವೂ ಕಾಯಿಲೆಯ ಹಿಡಿತಕ್ಕೆ ಬರಬಹುದು. ಹಾಗಾಗಿ ತೊಂದರೆ ಮೂರು ಕಡೆ ಇರಬಹುದು: ಕಣ್ಣಿನಲ್ಲಿ, ಕಣ್ಣಿನ ಚಲನೆಯಲ್ಲಿ, ಮಿದುಳಿನ ಅಂದಾಜಿನಲ್ಲಿ. ಒಬ್ಬರಲ್ಲೇ ಮೂರೂ ಇರಬಹುದು, ಒಂದೂ ಇಲ್ಲದಿರಬಹುದು. ಎಲ್ಲಿ ಎಂದು ಮೊದಲು ತಿಳಿಯಬೇಕು, ಏಕೆಂದರೆ ಪರಿಹಾರ ಬೇರೆ ಬೇರೆ.

ಕಣ್ಣಿನ ಡಾಕ್ಟರು 6/6 ಇದೆ ಅಂದ್ರು. ಅಪ್ಪ ಮಾತ್ರ ‘ಸರಿಯಾಗಿ ಕಾಣ್ತಿಲ್ಲ’ ಅಂತಾನೇ ಇರ್ತಾರೆ. ಸುಮ್ಮನೆ ಹೇಳ್ತಿದ್ದಾರಾ?

ಇಲ್ಲ. ಗೋಡೆಯ ಮೇಲಿನ ಆ ಫಲಕದಲ್ಲಿ ಅಚ್ಚ ಬಿಳಿಯ ಮೇಲೆ ಕಡುಕಪ್ಪು ಅಕ್ಷರಗಳಿರುತ್ತವೆ. ನಿಜವಾದ ಬದುಕು ಅಷ್ಟು ಸ್ಪಷ್ಟವಾಗಿ ಅಚ್ಚಾಗಿರುವುದಿಲ್ಲ. ಬೂದು ಮೆಟ್ಟಿಲಿನ ಬೂದು ಅಂಚು, ಮಬ್ಬು ಬೆಳಕಿನಲ್ಲಿ ಎದುರಿನವರ ಮುಖಭಾವ, ಬಿಳಿ ಬಚ್ಚಲಲ್ಲಿ ಬಿಳಿ ಸೋಪು: ಇವನ್ನು ಕಾಣಲು ಬೇಕಾಗುವುದು ಕಾಂಟ್ರಾಸ್ಟ್ ಗ್ರಹಿಕೆ. ಪಾರ್ಕಿನ್ಸನ್‌ನಲ್ಲಿ ಬೇಗ ಕುಗ್ಗುವುದು ಅದೇ, ಮತ್ತು 6/6 ಪರೀಕ್ಷೆ ಅದನ್ನು ಮುಟ್ಟುವುದೇ ಇಲ್ಲ.

ಅದಕ್ಕೆ ಬೇರೆ ಫಲಕವಿದೆ, ಪೆಲ್ಲಿ-ರಾಬ್ಸನ್ ಎಂದು ಹೆಸರು. ಅದರಲ್ಲಿ ಅಕ್ಷರಗಳ ಗಾತ್ರ ಒಂದೇ, ಕೆಳಕ್ಕೆ ಹೋದಂತೆ ಬಣ್ಣ ತೆಳುವಾಗುತ್ತ ಬರುತ್ತದೆ. ಕಣ್ಣಿನ ತಪಾಸಣೆಗೆ ಹೋದಾಗ ‘ಕಾಂಟ್ರಾಸ್ಟ್ ಪರೀಕ್ಷೆಯನ್ನೂ ಮಾಡಿ, ಇವರಿಗೆ ಪಾರ್ಕಿನ್ಸನ್ ಇದೆ’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ.

ಅಮ್ಮ ಲೋಟದ ಪಕ್ಕಕ್ಕೆ ನೀರು ಸುರೀತಾರೆ, ಬಾಗಿಲ ಚೌಕಟ್ಟಿಗೆ ಭುಜ ಗುದ್ದಿಕೊಳ್ತಾರೆ. ಗಮನ ಇಟ್ಟು ಮಾಡಿ ಅಂದ್ರೆ ಅಳ್ತಾರೆ. ಇದು ಅಜಾಗರೂಕತೆನಾ?

ಕಣ್ಣಳತೆ ತಪ್ಪುತ್ತಿದೆ. ಲೋಟ ಕಾಣುತ್ತದೆ, ಅದು ಲೋಟ ಎಂದೂ ಗೊತ್ತು. ಕೈಯಿಂದ ಎಷ್ಟು ದೂರದಲ್ಲಿದೆ, ಹೂಜಿಯ ಮೂತಿ ಅದರ ನೆತ್ತಿಗೆ ಬಂದಿದೆಯೇ ಎಂಬ ಲೆಕ್ಕ ಮಾತ್ರ ಕೈಕೊಡುತ್ತದೆ. ಅಂಗಿಯ ತೋಳು ಯಾವ ಕಡೆ ಎಂದು ತಡಕಾಡುವುದು, ಮೇಜಿನ ಅಂಚಿಗಿಂತ ಈಚೆಗೇ ತಟ್ಟೆ ಇಟ್ಟುಬಿಡುವುದು, ತೀರ ಪರಿಚಿತವಲ್ಲದ ಕಟ್ಟಡದಲ್ಲಿ ಬಂದ ದಾರಿ ತಿಳಿಯದಿರುವುದು ಇವೆಲ್ಲ ಇದೇ ಜಾತಿಯವು. ನಡುಕವೂ ಸೇರಿಕೊಂಡಾಗ ನೋಡುವವರಿಗೆ ‘ಕೈ ಅಲುಗಿ ಚೆಲ್ಲಿತು’ ಅನ್ನಿಸುತ್ತದೆ, ನಿಜವಾದ ಕಾರಣ ಮರೆಯಾಗುತ್ತದೆ.

‘ನೋಡಿಕೊಂಡು ಮಾಡಿ’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು. ಕೆಲಸಕ್ಕೆ ಬರುವುದು ಸ್ಪರ್ಶ. ಎಡಗೈಯಲ್ಲಿ ಲೋಟವನ್ನು ಹಿಡಿದು, ಹೂಜಿಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ, ‘ಟಕ್’ ಎಂದು ತಾಗಿದ್ದು ಗೊತ್ತಾದ ಮೇಲೆ ಬಗ್ಗಿಸುವುದು. ಲೋಟದ ಬಣ್ಣ ಮೇಜಿನ ಬಣ್ಣಕ್ಕೆ ವಿರುದ್ಧವಾಗಿರಲಿ, ಪಾರದರ್ಶಕ ಗಾಜು ಬೇಡ.

ಬಣ್ಣಗಳು ಮಾಸಿದ ಹಾಗೆ ಕಾಣುತ್ತವೆ. ಕಪ್ಪು ಕಾಲುಚೀಲ ಯಾವುದು, ಕಡುನೀಲಿ ಯಾವುದು ಅಂತ ಗೊತ್ತಾಗಲ್ಲ. ಇದೂ ಅದೇನಾ?

ಇರಬಹುದು. ನೀಲಿ-ಹಳದಿ ಸಾಲಿನ ಸೂಕ್ಷ್ಮ ವ್ಯತ್ಯಾಸಗಳು ಪಾರ್ಕಿನ್ಸನ್‌ನಲ್ಲಿ ಹೆಚ್ಚಾಗಿ ತಪ್ಪುತ್ತವೆ. ಆದರೆ ವಯಸ್ಸಿನಿಂದ ಹಳದಿಗಟ್ಟುವ ಕಣ್ಣಿನ ಮಸೂರ, ಪೊರೆ ಇವೂ ಇದನ್ನೇ ಮಾಡುತ್ತವೆ, ಮತ್ತು ಪೊರೆಯನ್ನು ತೆಗೆಯಬಹುದು. ಆದ್ದರಿಂದ ಮೊದಲು ಕಣ್ಣಿನ ವೈದ್ಯರು ನೋಡಲಿ.

## ಓದುವಾಗ, ಕಣ್ಣು ಮಿಟುಕಿಸುವಾಗ

ಪುಸ್ತಕ ಹಿಡಿದ ಐದು ನಿಮಿಷಕ್ಕೆ ಸಾಲು ಎರಡೆರಡಾಗಿ ಕಾಣುತ್ತೆ. ಕನ್ನಡಕ ಬದಲಿಸಿದರೂ ಹಾಗೇ. ಯಾಕೆ?

ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆಗೆ ಸ್ವಲ್ಪ ಒಳಕ್ಕೆ ತಿರುಗಬೇಕು. ಪಾರ್ಕಿನ್ಸನ್‌ನಲ್ಲಿ ಈ ಒಳತಿರುವು ದುರ್ಬಲವಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕಣ್ಣುಗಳು ಸೋತು ಬೇರೆಯಾಗುತ್ತವೆ, ಅಕ್ಷರ ಜೋಡಿಯಾಗುತ್ತದೆ. ಮನೆಯಲ್ಲೇ ಒಂದು ಸರಳ ಪರೀಕ್ಷೆ ಮಾಡಬಹುದು: ಎರಡಾಗಿ ಕಂಡಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಒಂದೇ ಆಯಿತೆಂದರೆ ಕಣ್ಣುಗಳ ಹೊಂದಾಣಿಕೆಯ ತೊಂದರೆ. ಒಂದು ಕಣ್ಣು ಮುಚ್ಚಿದರೂ ಎರಡೇ ಕಂಡರೆ ತೆರೆದಿರುವ ಕಣ್ಣಿನಲ್ಲೇ ಪೊರೆಯೋ ಒಣಗುವಿಕೆಯೋ ಇದೆ ಎಂದು ಹುಡುಕಬೇಕು. ಈ ಒಂದು ಮಾಹಿತಿ ಕೊಟ್ಟರೆ ವೈದ್ಯರ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದಕ್ಕೆ ಓದುವ ಕನ್ನಡಕದಲ್ಲಿ ಪ್ರಿಸಂ (ಬೆಳಕಿನ ದಿಕ್ಕನ್ನು ಬಾಗಿಸುವ ಗಾಜು) ಸೇರಿಸಿ ಕೊಡುತ್ತಾರೆ. ಕೆಲವರಿಗೆ ಒಳತಿರುವಿನ ವ್ಯಾಯಾಮ ಸಹಾಯ ಮಾಡುತ್ತದೆ. ಔಷಧಿಯ ಪ್ರಭಾವ ಇಳಿದ ‘ಆಫ್’ ಸಮಯದಲ್ಲಿ ಮಾತ್ರ ಎರಡಾಗುತ್ತಿದ್ದರೆ ಮಾತ್ರೆಯ ವೇಳೆಯನ್ನು ಸರಿಹೊಂದಿಸುವುದರಿಂದಲೇ ಕಡಿಮೆಯಾಗಬಹುದು. ಹಾಗಾಗಿ ಯಾವ ಹೊತ್ತಿಗೆ ಎರಡಾಯಿತು, ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡದ್ದು ಎಂದು ಒಂದು ವಾರ ಬರೆದಿಡಿ.

ಎರಡಾಗಿ ಕಾಣಲ್ಲ, ಆದರೆ ಓದ್ತಾ ಓದ್ತಾ ಸಾಲು ತಪ್ಪಿ ಹೋಗುತ್ತೆ. ಓದಿದ ಸಾಲನ್ನೇ ಮತ್ತೆ ಓದ್ತೀನಿ.

ಓದುವಾಗ ಕಣ್ಣು ಜಾರುವುದಿಲ್ಲ, ಪುಟ್ಟ ಪುಟ್ಟ ನೆಗೆತ ಹಾಕುತ್ತ ಹೋಗುತ್ತದೆ. ಪಾರ್ಕಿನ್ಸನ್‌ನಲ್ಲಿ ಈ ನೆಗೆತ ಗುರಿಗಿಂತ ಮೊದಲೇ ಬಿದ್ದುಬಿಡುತ್ತದೆ. ಅಲ್ಲಿಂದ ಇನ್ನೊಂದು, ಮತ್ತೊಂದು ನೆಗೆತ ಬೇಕಾಗುತ್ತದೆ. ನಡಿಗೆಯ ಹೆಜ್ಜೆ ಕಿರಿದಾಗುವ ಕಾಯಿಲೆಯಲ್ಲಿ ಕಣ್ಣಿನ ಹೆಜ್ಜೆಯೂ ಕಿರಿದಾಗುತ್ತದೆ. ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಹಾರುವುದು ಎಲ್ಲಕ್ಕಿಂತ ಉದ್ದದ ನೆಗೆತ, ತಪ್ಪುವುದು ಅಲ್ಲೇ.

ಕಪ್ಪು ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ, ಪುಟದ ಮೇಲೆ ಇಳಿಸುತ್ತ ಓದಿ. ಎಡ ಅಂಚಿನುದ್ದಕ್ಕೂ ದಪ್ಪ ಕೆಂಪು ಗೆರೆ ಎಳೆದರೆ ಕಣ್ಣಿಗೆ ಹಿಂತಿರುಗಲು ಗುರುತು ಸಿಗುತ್ತದೆ. ಮೊಬೈಲ್ ಅಥವಾ ಟ್ಯಾಬ್ಲೆಟ್‌ನಲ್ಲಿ ಅಕ್ಷರ ದೊಡ್ಡದು ಮಾಡಿ, ಸಾಲು ಗಿಡ್ಡ ಮಾಡಿದರೆ ಇನ್ನೂ ಒಳ್ಳೆಯದು. ಓದಿನ ಹುಚ್ಚಿದ್ದವರಿಗೆ ಆಡಿಯೋ ಪುಸ್ತಕ ಎಂದರೆ ಸೋಲೊಪ್ಪಿದ ಹಾಗೆ ಅನ್ನಿಸುತ್ತದಂತೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ, ಕಿವಿಗೆ ಕೇಳಿಸುತ್ತಿರುವಾಗ ಕಣ್ಣು ಸಾಲು ಹಿಡಿಯುವುದು ಸುಲಭ.

ಕಣ್ಣು ಉರಿ, ಮಂಜು. ಆಮೇಲೆ ನೀರೂ ಸುರಿಯುತ್ತೆ. ಒಣಗಿದ ಕಣ್ಣಲ್ಲಿ ನೀರು ಹೇಗೆ ಬರುತ್ತೆ?

ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಪಾರ್ಕಿನ್ಸನ್‌ನಲ್ಲಿ ಇದು ಬಹಳ ಕಡಿಮೆಯಾಗುತ್ತದೆ. ಕಣ್ಣಿನ ಮೇಲ್ಮೈ ಒಣಗಿ ಕೆರಳಿದಾಗ ಅದನ್ನು ತಣಿಸಲು ನೀರು ಒಮ್ಮೆಲೇ ಹರಿಯುತ್ತದೆ. ಕೃತಕ ಕಣ್ಣೀರಿನ ಹನಿಗಳು, ಓದುವಾಗ ನೆನಪಿಟ್ಟು ಮಿಟುಕಿಸುವುದು ಸಾಕಾಗುತ್ತದೆ. ನಡುಗುವ ಕೈಯಲ್ಲಿ ಹನಿ ಹಾಕಿಕೊಳ್ಳಲು ಆಗದಿದ್ದರೆ ಮಲಗಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯಲ್ಲಿ ಹನಿ ಬಿಟ್ಟು ಆಮೇಲೆ ಕಣ್ಣು ತೆರೆಯಿರಿ.

ಕಣ್ಣು ಮುಚ್ಚಿದರೆ ತೆರೆಯೋಕೇ ಆಗಲ್ಲ, ಬೆರಳಲ್ಲಿ ಎತ್ತಬೇಕು.

ರೆಪ್ಪೆ ತೆರೆಯುವ ಆಜ್ಞೆ ತಡವಾಗುವುದು, ಇಲ್ಲವೇ ರೆಪ್ಪೆಯ ಸುತ್ತಲಿನ ಸ್ನಾಯು ಬಿಗಿಯುವುದು, ಎರಡರಲ್ಲೊಂದು. ಎರಡಕ್ಕೂ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಬಳಸುತ್ತಾರೆ, ಬಿಗಿತದಲ್ಲಿ ಫಲ ಹೆಚ್ಚು. ಹುಬ್ಬಿನ ಪಕ್ಕ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕೆಲವರಿಗೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ.

## ನಡಿಗೆ, ಮನೆ, ರಸ್ತೆ

ಬಾಗಿಲ ಹತ್ತಿರ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಳ್ಳುತ್ತೆ. ಅದೇ ಮೆಟ್ಟಿಲು ಸರಾಗ ಹತ್ತುತ್ತಾರೆ. ಇದೇನು ವಿಚಿತ್ರ?

ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟುವುದು ಈ ಪ್ರಶ್ನೆಯಿಂದಲೇ. ‘ಮೆಟ್ಟಿಲು ಹತ್ತೋಕಾಗುತ್ತೆ, ಬಾಗಿಲು ದಾಟೋಕಾಗಲ್ವಾ?’ ಎಂದು ಕೇಳಿದವರಿಗೆ ಅದು ಸೋಗು ಅನ್ನಿಸುತ್ತದೆ. ಎರಡೂ ನಿಜ, ಎರಡಕ್ಕೂ ಕಾರಣ ಒಂದೇ.

ಯೋಚಿಸದೆ ನಡೆಯುವ ನಡಿಗೆಯನ್ನು ನಡೆಸುವುದು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ. ಪಾರ್ಕಿನ್ಸನ್‌ನಲ್ಲಿ ಕೆಡುವುದು ಆ ಸ್ವಯಂಚಾಲಿತ ದಾರಿ. ಆದರೆ ಕಣ್ಣೆದುರು ಒಂದು ಗುರುತನ್ನು ಕಂಡು ಅದರ ಮೇಲೆ ಕಾಲಿಡುವುದಕ್ಕೆ ಮಿದುಳಿನಲ್ಲಿ ಬೇರೆ ದಾರಿ ಇದೆ, ಅದು ಬಹುಮಟ್ಟಿಗೆ ಉಳಿದಿರುತ್ತದೆ. ಮೆಟ್ಟಿಲಿನ ಪ್ರತಿ ಅಂಚೂ ಅಂಥ ಗುರುತು. ಬಾಗಿಲು ಅದಕ್ಕೆ ತದ್ವಿರುದ್ಧ: ಎರಡು ಕಡೆಯಿಂದ ಚೌಕಟ್ಟು ಕಿರಿದಾಗುತ್ತ ಬರುತ್ತದೆ, ‘ನನ್ನ ಮೈ ಇದರಲ್ಲಿ ಹಿಡಿಸುತ್ತದೆಯೇ’ ಎಂಬ ಲೆಕ್ಕ ಮಿದುಳಿಗೆ ಹೊರೆಯಾಗುತ್ತದೆ, ಹೆಜ್ಜೆ ಕಿರಿದಾಗುತ್ತ ಆಗುತ್ತ ನಿಂತೇಬಿಡುತ್ತದೆ. ಬಾಗಿಲು ಕಿರಿದಾದಷ್ಟೂ ಕಾಲು ಅಂಟುವುದು ಹೆಚ್ಚು.

1967ರಲ್ಲೇ ಬ್ರಿಟಿಷ್ ನರತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ ಇದನ್ನು ಬರೆದಿಟ್ಟಿದ್ದರು. ನಡೆಯುವ ದಿಕ್ಕಿಗೆ ಅಡ್ಡಲಾಗಿ ಎಳೆದ ಗೆರೆಗಳು ರೋಗಿಯನ್ನು ನಡೆಸುತ್ತವೆ, ಉದ್ದುದ್ದಕ್ಕೆ ಎಳೆದ ಗೆರೆಗಳಿಂದ ಪ್ರಯೋಜನವಿಲ್ಲ. ನೆಲದ ಮೇಲೆ ಕೆಂಪು ಗೆರೆ ಬೀಳಿಸುವ ಲೇಸರ್ ಊರುಗೋಲು ಇದೇ ತತ್ತ್ವದ್ದು.

ಮನೆಯಲ್ಲಿ ಮಾಡಬಹುದಾದದ್ದು: ಬಾಗಿಲಿಗೆ ಮೊದಲು ಮೂರ್ನಾಲ್ಕು, ಹೊಸ್ತಿಲ ಮೇಲೆ ಒಂದು, ದಾಟಿದ ಮೇಲೆ ಎರಡು, ಹೀಗೆ ನೆಲಕ್ಕೆ ಎದ್ದು ಕಾಣುವ ಬಣ್ಣದ ಟೇಪನ್ನು ಅಡ್ಡಡ್ಡ ಅಂಟಿಸಿ. ಅಂತರ ಅವರ ಒಳ್ಳೆಯ ಹೊತ್ತಿನ ಹೆಜ್ಜೆಯಷ್ಟಿರಲಿ, ಫಿಸಿಯೋಥೆರಪಿಸ್ಟ್ ಅಳೆದು ಹೇಳಿದರೆ ಉತ್ತಮ. ದಾಟುವಾಗ ಚೌಕಟ್ಟನ್ನು ನೋಡದೆ ಆಚೆ ಕೋಣೆಯ ಒಂದು ವಸ್ತುವಿನ ಮೇಲೆ ಕಣ್ಣಿಡಬೇಕು. ಅಂಟಿಕೊಂಡೇಬಿಟ್ಟರೆ ಎಳೆಯಬೇಡಿ, ಎಳೆದರೆ ಮೈ ಮುಂದಕ್ಕೆ ಬರುತ್ತದೆ, ಪಾದ ಬರುವುದಿಲ್ಲ, ಮುಗ್ಗರಿಸುತ್ತಾರೆ. ಪೂರ್ತಿ ನಿಲ್ಲಲಿ, ಒಂದು ಉಸಿರು ತೆಗೆದುಕೊಳ್ಳಲಿ, ಭಾರವನ್ನು ಎಡಕ್ಕೆ ಬಲಕ್ಕೆ ತೂಗಲಿ, ಆಮೇಲೆ ಒಂದು ದೊಡ್ಡ ಹೆಜ್ಜೆ. ನೀವು ಅವರ ಪಾದದ ಮುಂದೆ ನಿಮ್ಮ ಪಾದವನ್ನು ಅಡ್ಡ ಇಟ್ಟು ‘ಇದನ್ನು ದಾಟಿ’ ಎಂದರೂ ಸಾಕಾಗುತ್ತದೆ. ಗೆರೆಗಳಿಂದ ಉಪಯೋಗವಾಗದವರೂ ಇದ್ದಾರೆ. ಅಂಥವರಿಗೆ ಎಣಿಕೆ, ಚಪ್ಪಾಳೆಯ ತಾಳ ಪ್ರಯತ್ನಿಸಬಹುದು.

ಕುರ್ಚಿ ಇನ್ನೂ ದೂರ ಇರುವಾಗಲೇ ಕೂತುಬಿಡ್ತಾರೆ. ಎರಡು ಸಲ ನೆಲಕ್ಕೆ ಬಿದ್ದಿದ್ದಾರೆ.

ಕುರ್ಚಿ ಕಂಡ ತಕ್ಷಣ ತಿರುಗುವ ಮೊದಲೇ ಮೈ ಕೂರಲು ಹೊರಡುತ್ತದೆ. ದೂರದ ಅಂದಾಜೂ ತಪ್ಪಿರುತ್ತದೆ, ಬೆನ್ನ ಹಿಂದಿನದ್ದಂತೂ ಕಾಣುವುದೇ ಇಲ್ಲ. ಒಂದೇ ನಿಯಮ ಕಲಿಸಿ, ಪ್ರತಿ ಸಲವೂ ಅದೇ ಮಾತಿನಲ್ಲಿ: ಎರಡೂ ಮೊಣಕಾಲಿನ ಹಿಂಭಾಗ ಕುರ್ಚಿಗೆ ತಾಗಿದ ಮೇಲೆ, ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದ ಮೇಲೆ ಕೂರುವುದು. ತಿರುಗುವುದೂ ನಿಂತಲ್ಲೇ ಗಿರಕಿ ಹೊಡೆದಲ್ಲ, ಸಣ್ಣ ಹೆಜ್ಜೆಗಳಲ್ಲಿ ಸುತ್ತು ಬಳಸಿ. ತೋಳಿಲ್ಲದ ಕುರ್ಚಿ, ಚಕ್ರದ ಕುರ್ಚಿ ಮನೆಯಲ್ಲಿ ಬೇಡ.

ಮನೆಯಲ್ಲಿ ಏನೇನು ಬದಲಿಸಬೇಕು? ಎಲ್ಲಾ ಕಡೆ ಹಳದಿ ಟೇಪ್ ಹಚ್ಚಬೇಕಾ?

ಎಲ್ಲಾ ಕಡೆ ಹಚ್ಚಿದರೆ ಯಾವುದೂ ಕಾಣುವುದಿಲ್ಲ. ಅಪಾಯ ಇರುವಲ್ಲಿ ಮಾತ್ರ ಬಣ್ಣ ಎದ್ದು ಕಾಣಬೇಕು: ಮೆಟ್ಟಿಲುಗಳ ಅಂಚು (ಮುಖ್ಯವಾಗಿ ಮೊದಲನೆಯದು, ಕೊನೆಯದು), ಹಿಡಿದು ನಡೆಯುವ ಕಂಬಿ, ಕಮೋಡಿನ ಸೀಟು, ವಿದ್ಯುತ್ ಸ್ವಿಚ್ಚು, ಕುರ್ಚಿಯ ತೋಳು. ಉಳಿದ ಕಡೆ ಬಣ್ಣ ಶಾಂತವಾಗಿರಲಿ. ಚೌಕಳಿ ನೆಲಹಾಸು, ಗೆರೆಗೆರೆಯ ಕಾರ್ಪೆಟ್ ತೆಗೆದುಬಿಡಿ, ಅವು ಅಲುಗಿದಂತೆ, ಏರುತಗ್ಗಿದ್ದಂತೆ ಕಾಣುತ್ತವೆ. ಕಪ್ಪು ಕಾಲೊರಸು ಗುಂಡಿಯಂತೆಯೂ, ಮಿರಮಿರ ಮಿಂಚುವ ನೆಲ ನೀರಿನಂತೆಯೂ ಕಾಣಬಹುದು.

ಬೆಳಕು ಹೆಚ್ಚು ಬೇಕು, ಆದರೆ ಕಣ್ಣಿಗೆ ಹೊಡೆಯಬಾರದು. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ತಾನಾಗಿ ಹೊತ್ತುವ ಸೆನ್ಸರ್ ದೀಪಗಳು ಒಳ್ಳೆಯ ಖರ್ಚು. ಪಾರ್ಕಿನ್ಸನ್‌ನಲ್ಲಿ ಕಾಲಿನ ಸ್ಥಾನವನ್ನು ಒಳಗಿನಿಂದಲೇ ತಿಳಿಯುವ ಅರಿವೂ ಕುಗ್ಗಿರುತ್ತದೆ, ಸಮತೋಲಕ್ಕೆ ಕಣ್ಣನ್ನೇ ನೆಚ್ಚಿಕೊಂಡಿರುತ್ತಾರೆ. ಕತ್ತಲಾದರೆ ಆ ಆಸರೆಯೂ ಹೋಗುತ್ತದೆ.

ಸಾಮಾನುಗಳ ಜಾಗ ಬದಲಿಸಬೇಡಿ. ಹೊಸ ಕಪಾಟಿನ ಉತ್ಸಾಹಕ್ಕಿಂತ ಹಳೆಯ ದಾರಿ ದೊಡ್ಡದು.

ಬೈಫೋಕಲ್ ಕನ್ನಡಕ ಹಾಕಿಕೊಳ್ಳಬಹುದಾ?

ಕೂತು ಓದಲು ಅಡ್ಡಿಯಿಲ್ಲ. ನಡೆಯುವಾಗ, ಅದರಲ್ಲೂ ಮೆಟ್ಟಿಲಿಳಿಯುವಾಗ ಬೇಡ. ಕೆಳಗೆ ನೋಡಿದರೆ ಓದುವ ಮಸೂರದ ಮೂಲಕ ನೆಲ ಕಾಣುತ್ತದೆ, ಮೆಟ್ಟಿಲಿನ ಅಂಚು ಮಸುಕಾಗುತ್ತದೆ, ದೂರದ ಅಂದಾಜು ತಪ್ಪುತ್ತದೆ. ಪ್ರೋಗ್ರೆಸಿವ್ ಮಸೂರಕ್ಕೂ ಇದೇ ಮಾತು. ದೂರಕ್ಕೊಂದು, ಓದಿಗೊಂದು ಬೇರೆ ಬೇರೆ ಕನ್ನಡಕ, ಚೌಕಟ್ಟಿನ ಬಣ್ಣವೂ ಬೇರೆ ಇರಲಿ.

ನನಗೆ ರೋಗ ಪತ್ತೆಯಾಗಿ ಮೂರು ವರ್ಷ. ಕಾರು ಓಡಿಸೋದು ಬಿಡಬೇಕಾ?

ಪಾರ್ಕಿನ್ಸನ್ ಇದೆ ಎಂದ ಮಾತ್ರಕ್ಕೆ ಬಿಡಬೇಕಿಲ್ಲ, ಆದರೆ ಕೈಕಾಲು ಚುರುಕಾಗಿದೆ ಎಂದ ಮಾತ್ರಕ್ಕೆ ಮುಂದುವರಿಸುವಂತೆಯೂ ಇಲ್ಲ. ಚಾಲನೆಯಲ್ಲಿ ಮೊದಲು ಕೈಕೊಡುವುದು ಹಲವರಿಗೆ ನೋಟದ ಕೆಲಸಗಳೇ. ಫಲಕಗಳನ್ನು ತಡವಾಗಿ ಗುರುತಿಸುವುದು, ಪಥದ ಒಂದು ಬದಿಗೆ ಸರಿಯುವುದು, ಎದುರು ವಾಹನದ ವೇಗದ ಅಂದಾಜು ತಪ್ಪುವುದು, ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ರಸ್ತೆ ತಪ್ಪುವುದು. ಮುಸ್ಸಂಜೆ, ಮಳೆ, ಮಂಜಿನಲ್ಲಿ ಕಾಂಟ್ರಾಸ್ಟ್ ಕುಗ್ಗಿದಾಗ ಇದು ಎದ್ದು ಕಾಣುತ್ತದೆ. ವಾಹನ ನಿಲ್ಲಿಸುವಾಗ ಹೊಸ ಗೀರುಗಳು ಬೀಳುತ್ತಿದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ತರಬೇತಿಯಿರುವ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ನೆರವಾಗುವ ಚಿಕಿತ್ಸಕರು) ಪಕ್ಕದಲ್ಲಿ ಕೂತು ರಸ್ತೆಯ ಮೇಲೆ ಮಾಡುವ ಪರೀಕ್ಷೆಯೇ ನಂಬಬಹುದಾದದ್ದು. ಮನೆಯವರ ಅಭಿಪ್ರಾಯವನ್ನೂ ಕೇಳಿ. ‘ಇವರ ಪಕ್ಕ ಮಗುವನ್ನು ಕೂರಿಸಿ ಕಳಿಸುತ್ತೀರಾ’ ಎಂಬ ಪ್ರಶ್ನೆಗೆ ಅವರು ತಡವರಿಸಿದರೆ ಉತ್ತರ ಸಿಕ್ಕಿತು. ಡೋಪಮಿನ್‌ನಂತೆಯೇ ಕೆಲಸ ಮಾಡುವ ‘ಡೋಪಮಿನ್ ಅಗೊನಿಸ್ಟ್’ ಗುಂಪಿನ ಮಾತ್ರೆಗಳಿಂದ ಹಠಾತ್ ನಿದ್ದೆ ಬರುವುದೂ ಉಂಟು, ಹಾಗಾಗುತ್ತಿದ್ದರೆ ಸ್ಟೇರಿಂಗ್ ಮುಟ್ಟಲೇಬೇಡಿ.

## ಇಲ್ಲದ್ದು ಕಂಡಾಗ

ಮೂಲೆಯಲ್ಲಿ ಯಾರೋ ನಿಂತಿದ್ದಾರೆ ಅಂತಾರೆ. ಹೋಗಿ ನೋಡಿದರೆ ಹ್ಯಾಂಗರಿನ ಕೋಟು. ಹುಚ್ಚು ಹಿಡೀತಾ ಇದೆಯಾ?

ಕೋಟು ಮನುಷ್ಯನಂತೆ ಕಂಡದ್ದು ತಪ್ಪುಗ್ರಹಿಕೆ. ಅಲ್ಲಿ ಒಂದು ವಸ್ತುವಾದರೂ ಇದೆ. ಖಾಲಿ ಜಾಗದಲ್ಲಿ ಮಕ್ಕಳೋ ಪ್ರಾಣಿಗಳೋ ಕಾಣುವುದು ಭ್ರಮೆ. ಇವೆರಡರ ನಡುವೆ ಇನ್ನೂ ಎರಡು ಇವೆ: ಕಡೆಗಣ್ಣಿನಲ್ಲಿ ಏನೋ ಸರ್ರನೆ ಹಾದುಹೋದಂತೆ ಕಾಣುವುದು, ಮತ್ತು ಬೆನ್ನ ಹಿಂದೆ ಯಾರೋ ಇದ್ದಾರೆ ಎಂಬ ಭಾಸ. ಪಾರ್ಕಿನ್ಸನ್‌ನಲ್ಲಿ ಈ ನಾಲ್ಕೂ ಸಾಮಾನ್ಯ, ಕಾಯಿಲೆ ಹಳೆಯದಾದಂತೆ ಇನ್ನೂ ಹೆಚ್ಚು. ಜನ ಹೇಳಿಕೊಳ್ಳುವುದಿಲ್ಲ ಅಷ್ಟೆ, ನೀವು ಬರೆದ ‘ಹುಚ್ಚು’ ಎಂಬ ಮಾತಿನ ಹೆದರಿಕೆಯಿಂದಲೇ.

ಕಣ್ಣಿನಿಂದ ಬರುವ ಮಾಹಿತಿ ತೆಳುವಾದಾಗ ಮಿದುಳು ನೆನಪಿನಿಂದ ಚಿತ್ರ ತುಂಬಿಸುತ್ತದೆ ಎಂಬುದು ಇದರ ಬಗ್ಗೆ ಇರುವ ಮುಖ್ಯ ವಿವರಣೆ. ಅದಕ್ಕೇ ಸಂಜೆಯ ಮಬ್ಬಿನಲ್ಲಿ ಹೆಚ್ಚು, ದೀಪ ಹಾಕಿದರೆ ಕಡಿಮೆ. ಪೊರೆ ಇದ್ದರೆ ತೆಗೆಸುವುದು, ಕೋಟನ್ನು ಕಪಾಟಿನೊಳಗೆ ಇಡುವುದು, ರಾತ್ರಿ ಕನ್ನಡಿಗೆ ಬಟ್ಟೆ ಮುಚ್ಚುವುದು ಇವೂ ಚಿಕಿತ್ಸೆಯೇ.

ಒಂದೆರಡು ದಿನದಲ್ಲಿ ಒಮ್ಮೆಲೇ ಶುರುವಾಗಿ ಗೊಂದಲ, ಮಂಪರು, ಜ್ವರ ಜೊತೆಗಿದ್ದರೆ ಕಥೆಯೇ ಬೇರೆ. ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ ಇವನ್ನು ಅದೇ ದಿನ ಹುಡುಕಿಸಬೇಕು.

‘ಅಲ್ಲಿ ಯಾರೂ ಇಲ್ಲ’ ಅಂತ ವಾದ ಮಾಡಬೇಕಾ, ಹೌದು ಅನ್ನಬೇಕಾ?

ಎರಡೂ ಬೇಡ. ‘ನನಗೆ ಕಾಣ್ತಿಲ್ಲ, ನಿಮಗೆ ಕಾಣ್ತಿದೆ ಅಂತ ಗೊತ್ತು. ದೀಪ ಹಾಕ್ತೀನಿ, ಹತ್ತಿರ ಹೋಗಿ ನೋಡೋಣ’ ಎನ್ನಿ. ಕಂಡದ್ದು ಸುಳ್ಳು ಎಂದು ಅವರಿಗೇ ಗೊತ್ತಿದ್ದು, ಹೆದರಿಕೆ ಇಲ್ಲದಿದ್ದರೆ ಔಷಧಿ ಇಲ್ಲದೆಯೂ ನಿಭಾಯಿಸಬಹುದು. ಕೆಲವರು ತಮಗೆ ಕಾಣುವ ಬೆಕ್ಕಿಗೆ ಹೆಸರಿಟ್ಟುಕೊಂಡೇ ಇರುತ್ತಾರೆ. ಆ ಅರಿವು ಹೋಗಿ, ಕಳ್ಳ ಬಂದಿದ್ದಾನೆ, ಹೆಂಡತಿಗೆ ಬೇರೆಯವರ ಸಂಬಂಧವಿದೆ ಎಂಬಂಥ ದೃಢ ನಂಬಿಕೆಗೆ ತಿರುಗಿದರೆ ತಡಮಾಡದೆ ನರತಜ್ಞರನ್ನು ಕಾಣಿ.

ಭ್ರಮೆಗೆ ಮಾತ್ರೆ ಇದೆಯಾ? ಯಾವುದನ್ನು ಕೊಡಬಾರದು?

ಕೊಡಬಾರದ್ದನ್ನು ಮೊದಲು ತಿಳಿಯಿರಿ, ತುರ್ತು ಚಿಕಿತ್ಸಾ ಕೋಣೆಯಲ್ಲಿ ಬೇಕಾಗುವುದು ಅದೇ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಡೋಪಮಿನ್‌ಗೆ ಅಡ್ಡಗಟ್ಟಿ ಬಿಗಿತವನ್ನು ಉಲ್ಬಣಿಸುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಕೂಡ ಹಾಗೇ. ಈ ಐದು ಹೆಸರನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೇಬಿನಲ್ಲಿಡಿ.

ವೈದ್ಯರು ಸಾಮಾನ್ಯವಾಗಿ ಇರುವ ಮಾತ್ರೆಗಳನ್ನು ಕಡಿಮೆ ಮಾಡುವುದರಿಂದ ಶುರುಮಾಡುತ್ತಾರೆ: ಟ್ರೈಹೆಕ್ಸಿಫೆನಿಡಿಲ್‌ನಂಥವು ಮೊದಲು, ಆಮೇಲೆ ಅಮಾಂಟಡಿನ್, ಡೋಪಮಿನ್ ಅಗೊನಿಸ್ಟ್, ಪಾರ್ಕಿನ್ಸನ್‌ನ ಮುಖ್ಯ ಮಾತ್ರೆಯಾದ ಲೆವೊಡೋಪಾ ಕೊನೆಗೆ. ಸಾಲದಿದ್ದರೆ ಕ್ವೆಟಿಯಾಪಿನ್ ಅಥವಾ ಕ್ಲೋಜಪಿನ್ ಸಣ್ಣ ಪ್ರಮಾಣದಲ್ಲಿ. ಕ್ಲೋಜಪಿನ್‌ಗೆ ನಿಯಮಿತ ರಕ್ತಪರೀಕ್ಷೆ ಕಡ್ಡಾಯ. ಪಿಮಾವನ್ಸೆರಿನ್ ಎಂಬುದಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಎಲ್ಲ ದೇಶಗಳಲ್ಲಿ ಇಲ್ಲ. ಮರೆವೂ ಜೊತೆಗಿದ್ದರೆ ರಿವಾಸ್ಟಿಗ್ಮಿನ್ ಕೆಲವರಲ್ಲಿ ಭ್ರಮೆಯನ್ನೂ ತಗ್ಗಿಸುತ್ತದೆ. ಲೆವೊಡೋಪಾವನ್ನು ನೀವಾಗಿ ಥಟ್ಟನೆ ನಿಲ್ಲಿಸಿದರೆ ತೀವ್ರ ಬಿಗಿತ, ಜ್ವರ ಬಂದು ಜೀವಕ್ಕೇ ಅಪಾಯ.

## ಇನ್ನೂ ಆಳದವು

ಲೆವೊಡೋಪಾ ಜಾಸ್ತಿ ಮಾಡಿದರೆ ನೋಟವೂ ಸರಿಹೋಗುತ್ತಾ?

ಸ್ವಲ್ಪ ಭಾಗ. ಕಾಂಟ್ರಾಸ್ಟ್ ಗ್ರಹಿಕೆ, ಎರಡಾಗಿ ಕಾಣುವುದು ಕೆಲವರಲ್ಲಿ ಸುಧಾರಿಸುತ್ತವೆ. ದೂರ-ಕೋನದ ಅಂದಾಜು ಹಾಗೆ ಸುಲಭವಾಗಿ ಹಿಂತಿರುಗುವುದಿಲ್ಲ, ಏಕೆಂದರೆ ಅದರಲ್ಲಿ ಅಸೆಟೈಲ್‌ಕೋಲಿನ್‌ನಂಥ ಬೇರೆ ರಾಸಾಯನಿಕಗಳ ಪಾತ್ರವೂ ಇದೆ. ನೋಟಕ್ಕೆಂದು ಪ್ರಮಾಣ ಏರಿಸುತ್ತ ಹೋದರೆ ಭ್ರಮೆ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ. ಟ್ರೈಹೆಕ್ಸಿಫೆನಿಡಿಲ್ ಅಂತೂ ಹತ್ತಿರದ ನೋಟವನ್ನು ತಾನೇ ಮಸುಕು ಮಾಡುತ್ತದೆ, ಕಿರುಕೋನದ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇರುವವರಿಗೆ ಅಪಾಯಕಾರಿ.

ನನಗೆ ಎಡಗಡೆಯಿಂದ ಶುರುವಾಯ್ತು. ಎಡಭುಜವೇ ಯಾವಾಗಲೂ ಗುದ್ದಿಕೊಳ್ಳುತ್ತೆ. ಸಂಬಂಧ ಇದೆಯಾ?

ಇರಬಹುದು. ಎಡಮೈಯನ್ನು ನಡೆಸುವುದು ಬಲ ಮಿದುಳು, ಜಾಗದ ಲೆಕ್ಕದಲ್ಲಿ ಹೆಚ್ಚಿನ ಪಾಲೂ ಅದರದ್ದೇ. ಎಡದಿಂದ ಶುರುವಾದವರಿಗೆ ಗೆರೆಯ ಮಧ್ಯಬಿಂದು ಗುರುತಿಸಲು ಹೇಳಿದರೆ ಕೆಲವರು ಕೊಂಚ ಬಲಕ್ಕೆ ಗುರುತಿಸುತ್ತಾರೆ, ಎಡಬದಿಗೆ ಸಿಗುವ ಗಮನ ಕಡಿಮೆ. ಬಾಗಿಲಿನ ಎಡ ಚೌಕಟ್ಟಿಗೆ ಬಣ್ಣದ ಪಟ್ಟಿ ಅಂಟಿಸಿ, ದಾಟುವ ಮೊದಲು ಬೇಕೆಂದೇ ಒಮ್ಮೆ ಎಡಕ್ಕೆ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಒಂದಕ್ಕೊಂದು ಸೇರಿದ ಎರಡು ಪಂಚಕೋನ ಬರೆಸಿದರು, ಅಪ್ಪನಿಗೆ ಬರಲಿಲ್ಲ. ಇದು ಮರೆವಿನ ಕಾಯಿಲೆಯ ಶುರುವಾ?

ಒಂದು ಚಿತ್ರದಿಂದ ತೀರ್ಮಾನವಾಗದು. ನಡುಕ, ‘ಆಫ್’ ಸಮಯ, ಕನ್ನಡಕ ಮರೆತದ್ದು, ಆತಂಕ ಏನಾದರೂ ಅದನ್ನು ಕೆಡಿಸಿರಬಹುದು. ಆದರೂ ವೈದ್ಯರು ಅದಕ್ಕೆ ಬೆಲೆ ಕೊಡುವುದಕ್ಕೆ ಕಾರಣವಿದೆ. ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತ ಹೊಸದಾಗಿ ರೋಗ ಪತ್ತೆಯಾದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಪಂಚಕೋನ ನಕಲು ಮಾಡಲಾಗದಿರುವುದು, ಪ್ರಾಣಿಗಳಂಥ ಒಂದು ಗುಂಪಿನ ಹೆಸರುಗಳನ್ನು ಪಟಪಟ ಹೇಳಲಾಗದಿರುವುದು, ಹೆಚ್ಚಿನ ವಯಸ್ಸು ಇವು ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆಯನ್ನು ಸೂಚಿಸಿದವು. ಸಾಧ್ಯತೆ ಎಂದಷ್ಟೇ ತಿಳಿಯಿರಿ. ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವ ‘ಆನ್’ ಸಮಯದಲ್ಲಿ, ಕನ್ನಡಕ ಹಾಕಿಸಿ, ಪೂರ್ತಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ.

ಕೆಳಗೆ ನೋಡೋಕೇ ಆಗಲ್ಲ, ಮೊದಲ ವರ್ಷದಿಂದಲೇ ಹಿಂದಕ್ಕೆ ಬೀಳ್ತಾರೆ. ಇದೂ ಪಾರ್ಕಿನ್ಸನ್ನೇನಾ?

ಬೇರೆ ಕಾಯಿಲೆ ಇರಬಹುದು, ಮರುಪರಿಶೀಲನೆ ಕೇಳಿ. ವಯಸ್ಸಾದವರಲ್ಲಿ ಮೇಲ್ನೋಟ ಸ್ವಲ್ಪ ಕುಗ್ಗುವುದು ಸಾಮಾನ್ಯ. ಕೆಳನೋಟ ನಿಲ್ಲುವುದು ಮತ್ತು ಆರಂಭದಲ್ಲೇ ಹಿಂದಕ್ಕೆ ಬೀಳುವುದು ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಯ ಲಕ್ಷಣ. ಹಾಗೆಯೇ ಶುರುವಿನಲ್ಲೇ ಸ್ಪಷ್ಟ ಭ್ರಮೆ, ದಿನದಿಂದ ದಿನಕ್ಕೆ ಏರಿಳಿಯುವ ಎಚ್ಚರ, ಮರೆವು ಒಟ್ಟಿಗೆ ಬಂದರೆ ಲ್ಯೂಯಿ ಬಾಡಿ ಡಿಮೆನ್ಷಿಯಾ ಯೋಚಿಸುತ್ತಾರೆ.

ಪೊರೆ ಆಪರೇಷನ್ ಮಾಡಿಸಬಹುದಾ? ನಡುಕದಲ್ಲಿ ಅಲುಗದೆ ಮಲಗೋದು ಹೇಗೆ?

ಮಾಡಿಸಬಹುದು, ಮುಂದೂಡಬೇಡಿ ಎಂಬುದೇ ನನ್ನ ಸಲಹೆ. ಕಾಂಟ್ರಾಸ್ಟ್ ಮೊದಲೇ ಕುಗ್ಗಿದವರಿಗೆ ಪೊರೆ ಇನ್ನೊಂದು ಪರದೆ. ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ತಜ್ಞರಿಗೂ ಮೊದಲೇ ತಿಳಿಸಿ, ‘ಆನ್’ ಸಮಯಕ್ಕೆ ಹೊಂದುವಂತೆ ವೇಳೆ ಕೇಳಿ, ಬೆಳಗಿನ ಲೆವೊಡೋಪಾ ತಪ್ಪಿಸಬೇಕೇ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ಒಳಗೆ ಹಾಕುವ ಮಸೂರ ಆರಿಸುವಾಗ ಮಲ್ಟಿಫೋಕಲ್ (ದೂರ, ಹತ್ತಿರ ಎರಡಕ್ಕೂ ಒಂದೇ ಮಸೂರ) ಬಗ್ಗೆ ಎರಡು ಸಲ ಯೋಚಿಸಿ, ಅದು ಕಾಂಟ್ರಾಸ್ಟನ್ನು ಇನ್ನಷ್ಟು ತಗ್ಗಿಸುತ್ತದೆ.

ಕಣ್ಣಿನ ಸ್ಕ್ಯಾನ್‌ನಲ್ಲಿ ವರ್ಷಗಳ ಮೊದಲೇ ಪಾರ್ಕಿನ್ಸನ್ ಗೊತ್ತಾಗುತ್ತಂತೆ. ನನ್ನ ಮಕ್ಕಳಿಗೆ ಮಾಡಿಸಲಾ?

ಈಗ ಬೇಡ. ಒಸಿಟಿ ಎಂಬ ಸ್ಕ್ಯಾನ್ ರೆಟಿನಾದ ಪದರಗಳನ್ನು ಅಳೆಯುತ್ತದೆ. 2023ರಲ್ಲಿ ಬ್ರಿಟನ್ನಿನಿಂದ ಬಂದ ದೊಡ್ಡ ಅಧ್ಯಯನವೊಂದು, ರೋಗ ಪತ್ತೆಯಾಗುವುದಕ್ಕೆ ಸರಾಸರಿ ಏಳು ವರ್ಷ ಮೊದಲೇ ಒಳಪದರಗಳು ತೆಳುವಾಗಿರುವುದನ್ನು ತೋರಿಸಿತು. ಆದರೆ ಅದು ಸಾವಿರಾರು ಜನರ ಸರಾಸರಿ. ಗ್ಲಾಕೋಮಾ, ಮಧುಮೇಹ, ವಯಸ್ಸು ಕೂಡ ಪದರಗಳನ್ನು ತೆಳುವಾಗಿಸುತ್ತವೆ, ಒಬ್ಬರ ಸ್ಕ್ಯಾನ್ ನೋಡಿ ‘ನಿಮಗೆ ಬರುತ್ತದೆ’ ಎಂದು ಯಾರೂ ಹೇಳಲಾರರು. ಬರುವ ಮೊದಲೇ ತಡೆಯುವ ಔಷಧಿಯೂ ಇನ್ನೂ ಇಲ್ಲ. ಮಕ್ಕಳಿಗೆ ಕಣ್ಣಿನ ತೊಂದರೆ ಇದ್ದರೆ ಅದಕ್ಕಾಗಿ ತೋರಿಸಿ.